ಮೂರನೆಯ ದಿನದ ಮಾತು

ಇಪ್ಪತ್ತಾರು ವರ್ಷ ವರದಿ ಬರೆದವನನ್ನು ಬೆಂಚಿನ ಮೇಲೆ ಕೂರಿಸಿ ವರದಿ ಬರೆಯುವುದು ಹೇಗೆಂದು ಕಲಿಸುತ್ತೇವೆ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನನಗೂ ಬಂತು. ನಮ್ಮ 'ಊರುಗನ್ನಡಿ' ಪತ್ರಿಕೆಯ ಕಚೇರಿಯಲ್ಲಿ ನೀರಿನ ಹೂಜಿಯ ಮೇಲುಗಡೆ ಒಂದು ಕಾಗದ ಅಂಟಿಸಿದ್ದರು. ಸೋಮವಾರದಿಂದ ಬುಧವಾರದವರೆಗೆ, ಲೈಬ್ರರಿಯ ಮಹಡಿಯಲ್ಲಿ, ವೃತ್ತಿನಿರತ ಪತ್ರಕರ್ತರಿಗೆ ತರಬೇತಿ. ಊರಿನ ಎರಡೂ ಪತ್ರಿಕೆಗಳಿಂದ ಸೇರಿ ಒಂಬತ್ತು ಜನ. ಪಟ್ಟಿಯ ಮೊದಲ ಹೆಸರೇ ಕೊಟ್ರೇಶಿ, ಅಂದರೆ ನಾನು. ಸಂಪಾದಕರಾದ ವೃಷಭೇಂದ್ರಪ್ಪನವರ ಬಳಿ ಹೋಗಿ, "ಹೊಸ ಹುಡುಗರನ್ನ ಕಳಿಸ್ರಿ ಸಾರ್, ನಾನ್ಯಾಕೆ?" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ನಿನ್ನ ಹೆಸರನ್ನ ಮೊದಲು ಬರೆದೋನು ನಾನೇ ಕಣಯ್ಯ" ಅಂದರು. ನಾನು ಮುಖ ಊದಿಸಿಕೊಂಡು ಹೊರಬಂದೆ.

ನಮ್ಮೂರಿನಲ್ಲಿ ಆಡಿದ ಮಾತು ಆಡಿದ ಜಾಗದಲ್ಲೇ ಮೂರು ದಿನ ಉಳಿಯುತ್ತದೆ. ಕೋಣೆಯಲ್ಲಿ ಜನ ಓಡಾಡುತ್ತಿದ್ದರೆ ಏನೂ ಕೇಳಿಸುವುದಿಲ್ಲ. ಎಲ್ಲರೂ ಸುಮ್ಮನಾಗಿ, ಗೋಡೆಗೆ ಹತ್ತಿರವಾಗಿ ಕೂತರೆ ಮೆಲ್ಲನೆ ಬರುತ್ತದೆ, ಪಕ್ಕದ ಮನೆಯ ರೇಡಿಯೋ ಬಂದ ಹಾಗೆ. ಅದಕ್ಕೆ ತಕ್ಕಂತೆ ನಾವೂ ಬದುಕಿಕೊಂಡಿದ್ದೇವೆ. ಗಂಡ ಹೆಂಡಿರು ಜಗಳವಾಡಬೇಕೆಂದರೆ ಚಪ್ಪಲಿ ಹಾಕಿಕೊಂಡು ಬಯಲಿಗೆ ಹೋಗುತ್ತಾರೆ. ಸಂಜೆ ಐದರ ಮೇಲೆ ಬಯಲಿನಲ್ಲಿ ಅಲ್ಲಲ್ಲಿ ಜೋಡಿಗಳು ಕೈ ಬೀಸುತ್ತಾ ನಿಂತಿರುವುದು ನಮಗೆ ಮಾಮೂಲು ನೋಟ. ಬಾಡಿಗೆ ಮನೆ ಖಾಲಿಯಾದರೆ ನಾಲ್ಕು ದಿನ ಬೀಗ ಹಾಕಿ, ಆಮೇಲೆ ಹೊಸಬರಿಗೆ ಕೊಡುತ್ತಾರೆ. ಹೆಣ್ಣು ನೋಡಲು ಬಂದವರು ಒಳಗೆ ಉಪ್ಪಿಟ್ಟು ಹೊಗಳುತ್ತಾರೆ, ಮಿಕ್ಕಿದ್ದನ್ನು ಹೊರಗೆ ರಸ್ತೆಯಲ್ಲಿ ನಿಂತು ಆಡುತ್ತಾರೆ. ಹೆಂಗಸರು ಮೂರು ದಿನಕ್ಕೊಮ್ಮೆ ಕಿಟಕಿ ಬಾಗಿಲು ಪೂರ್ತಿ ತೆರೆದು, ಸೆರಗು ಸಿಕ್ಕಿಸಿ, ಗೋಡೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಾರೆ. ಸುಣ್ಣ ಬಳಿದರಂತೂ ಒಂದೇ ಒಂದು ಅಕ್ಷರವೂ ಉಳಿಯುವುದಿಲ್ಲ. ನಮ್ಮ ಪುರಸಭೆಯ ಸಭಾಂಗಣಕ್ಕೆ ಪ್ರತಿ ಸಭೆ ಮುಗಿದ ಕೂಡಲೇ ಸುಣ್ಣ ಬಳಿಯುತ್ತಾರೆ. ಅಷ್ಟು ಬೆಳ್ಳಗಿರುವ ಸರ್ಕಾರಿ ಗೋಡೆಯನ್ನು ನೀವು ಬೇರೆಲ್ಲೂ ನೋಡಿರಲಾರಿರಿ.

ಇಂಥ ಊರಿನಲ್ಲಿ ವರದಿಗಾರನ ಕೆಲಸವೆಂದರೆ ಕಿವಿಯ ಕೆಲಸ. ಎಲ್ಲಾದರೂ ಗಲಾಟೆಯಾಯಿತು ಅಂದರೆ ನಾವು ಓಡುತ್ತೇವೆ, ಎಲ್ಲರನ್ನೂ ಹೊರಗೆ ಕಳಿಸುತ್ತೇವೆ, ಗೋಡೆಗೆ ಕಿವಿ ಕೊಟ್ಟು ಕೇಳಿಸಿದ್ದನ್ನು ಬರೆದುಕೊಳ್ಳುತ್ತೇವೆ. ಅಲ್ಲಿರುವ ಮನುಷ್ಯರನ್ನು ಮಾತಾಡಿಸುವುದಿಲ್ಲ. ಅದು ನಮ್ಮ ಕಸುಬಿನ ಕಟ್ಟುನಿಟ್ಟು. ಮನುಷ್ಯನನ್ನು ಕೇಳಿದರೆ ತನಗೆ ಬೇಕಾದ ಹಾಗೆ ತಿರುಚುತ್ತಾನೆ, ಗೋಡೆಗೆ ಯಾರ ಹಂಗೂ ಇಲ್ಲ ಎಂಬ ನಂಬಿಕೆ. ಹಾಗೆ ಬರೆದ ವರದಿಗೆ ಯಾರೂ ಎದುರು ಮಾತಾಡುವಂತಿಲ್ಲ, ಏಕೆಂದರೆ ಅದು ಅವರದೇ ಮಾತು. ಈ ಕೆಲಸದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನು ತಿಳಿದಿದ್ದೆ. ಬೇರೆಯವರು ಒಂದು ಗಂಟೆಯಲ್ಲಿ ಕೇಳುವುದನ್ನು ನಾನು ಹತ್ತು ನಿಮಿಷದಲ್ಲಿ ಕೇಳಿ ಎದ್ದು ಬರುತ್ತಿದ್ದೆ.

ತರಬೇತಿಯ ಹಿಂದಿನ ದಿನ ಭಾನುವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಬಳೆಗಾರರ ಬೀದಿಯವರು ಖಾಲಿ ಕೊಡ ಹಿಡಿದು ರಸ್ತೆಗೆ ಬಂದರು. ನಲ್ಲಿಯಲ್ಲಿ ಎರಡು ದಿನದಿಂದ ನೀರಿಲ್ಲ. ದೊಡ್ಡ ನೀರಿನ ತೊಟ್ಟಿಯ ಕೆಳಗಿರುವ ವಾಲ್ವ್ ಕೋಣೆಯಲ್ಲಿ ನೀರುಗಂಟಿ ದುರುಗಪ್ಪ ಯಾರ ಜೊತೆಗೋ ಕೂಗಾಡಿದನಂತೆ ಎಂಬ ಸುದ್ದಿ ಬಂತು. ಬೀದಿ ಬೀದಿಗೆ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ಮೋಟಾರಿನ ಸದ್ದಿನ ಪಕ್ಕ ಇಪ್ಪತ್ತು ವರ್ಷ ನಿಂತವನು, ಒರಟು ಗಂಟಲು. ನಾನು ಹನ್ನೆರಡಕ್ಕೆ ಅಲ್ಲಿಗೆ ಹೋದೆ. ದುರುಗಪ್ಪ ಹೊರಗೆ ಹಳೆಯ ಪೈಪಿನ ಮೇಲೆ ಕೂತಿದ್ದವನು ನನ್ನನ್ನು ನೋಡಿ ಎದ್ದ, ನನ್ನ ಹಿಂದೆಯೇ ಒಳಗೆ ಬಂದ, ಏನೋ ಹೇಳತೊಡಗಿದ. ನಾನು ಕೈಯೆತ್ತಿ ತಡೆದೆ. ಅವನು ಹೊರಗೆ ಹೋದ ಮೇಲೆ ಗೋಡೆಗೆ ಕಿವಿ ಕೊಟ್ಟೆ. ಕಾಯಬೇಕಾಗಿಯೇ ಬರಲಿಲ್ಲ. "ಬಿಡಲ್ಲ ಅಂದ್ರೆ ಬಿಡಲ್ಲ! ಆ ಬೀದಿಗೆ ಇವತ್ತು ಒಂದ್ ತೊಟ್ಟು ನೀರು ಬಿಡಲ್ಲ! ಯಾರಿಗೆ ಹೇಳ್ಕೊಂತೀರೋ ಹೇಳ್ಕೊಳ್ರಿ!" ದುರುಗಪ್ಪನದೇ ದನಿ, ಅನುಮಾನವೇ ಇಲ್ಲ. ಬರೆದುಕೊಂಡೆ, ಬಂದೆ.

ಊಟಕ್ಕೆ ಮನೆಗೆ ಹೋದಾಗ ನನ್ನ ಹೆಂಡತಿ ನೀಲಮ್ಮನಿಗೆ ಅದನ್ನೆಲ್ಲ ಹೇಳಿದೆ. ನನಗೆ ಒಳ್ಳೆಯ ಸುದ್ದಿ ಸಿಕ್ಕ ದಿನ ಒಂದು ಮುದ್ದೆ ಜಾಸ್ತಿ ಸೇರುತ್ತದೆ. "ಸೊಕ್ಕು ನೋಡು ಅವಂದು, ಜನ ನೀರಿಲ್ಲದೆ ಸಾಯ್ತಾ ಇದ್ರೆ" ಎಂದೆ. ಅವಳು ಸಾರು ಬಡಿಸುತ್ತಿದ್ದಳು. ಏನೂ ಅನ್ನಲಿಲ್ಲ, ಅಥವಾ ಅನ್ನಲಿಲ್ಲವೆಂದು ನಾನು ತಿಳಿದೆ.

ಸೋಮವಾರ ಪತ್ರಿಕೆಯ ಮೊದಲ ಪುಟದಲ್ಲಿ, ಮೇಲ್ಭಾಗದಲ್ಲಿ, 'ಒಂದು ತೊಟ್ಟೂ ಬಿಡಲ್ಲ: ನೀರುಗಂಟಿಯ ದರ್ಪ' ಎಂದು ನನ್ನ ಹೆಸರಿನೊಂದಿಗೆ ಬಂತು. ಎಂಟು ಗಂಟೆಗೆ ಪುರಸಭೆಯವರು ದುರುಗಪ್ಪನ ಕೈಯಿಂದ ಬೀಗದ ಗೊಂಚಲು ತೆಗೆದುಕೊಂಡರು. ಬುಧವಾರ ಹನ್ನೊಂದಕ್ಕೆ ವಿಚಾರಣೆ, ಅಲ್ಲಿಯವರೆಗೆ ಮನೆಯಲ್ಲಿರು ಎಂದರಂತೆ. ಅವನದು ಕಾಯಂ ಕೆಲಸವಲ್ಲ. ವಿಚಾರಣೆ ಎಂದರೆ ಮನೆಗೆ ಕಳಿಸುವುದೇ ಎಂದು ಎಲ್ಲರಿಗೂ ಗೊತ್ತಿತ್ತು. ಲೈಬ್ರರಿಯ ಮೆಟ್ಟಿಲು ಹತ್ತುವಾಗ ಎದುರು ಪತ್ರಿಕೆಯ ಇಂದುಮತಿ, ಎರಡು ವರ್ಷದ ಹಿಂದೆ ಸೇರಿದ ಹುಡುಗಿ, "ಭಾಳ ಚೆನ್ನಾಗಿ ಹೊಡೆದೀರಿ ಸಾರ್" ಅಂದಳು. ನಾನು ತಲೆಯಾಡಿಸಿದೆ, ದೊಡ್ಡವರು ತಲೆಯಾಡಿಸುವ ಹಾಗೆ.

ಕಲಿಸಲು ಬಂದವರು ಹಲೀಮಾ ಮೇಡಂ. ಅರವತ್ತು ದಾಟಿದ ಹೆಂಗಸು, ನಾವು ಹುಟ್ಟುವ ಮೊದಲಿಂದ ಬರೆಯುತ್ತಿದ್ದರೇನೋ ಎಂಬಂತೆ ಬೆರಳಲ್ಲಿ ಶಾಯಿಯ ಕಲೆ. ತಲೆ ಮೇಲೆ ಸೆರಗು, ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ. ಬೋರ್ಡು, ಸೀಮೆಸುಣ್ಣ, ಭಾಷಣ ಏನೂ ಇಲ್ಲ. ಬಂದವರೇ ಕುರ್ಚಿಗಳನ್ನೆಲ್ಲ ಒತ್ತಟ್ಟಿಗೆ ಹಾಕಿಸಿ ನೆಲದ ಮೇಲೆ ಜಮಖಾನ ಹಾಸಿಸಿದರು. ನಮ್ಮನ್ನು ಗೋಡೆಗೆ ಒರಗಿ ಕೂರಿಸಿ ಅರ್ಧ ಗಂಟೆ ಸುಮ್ಮನಿರಲು ಹೇಳಿದರು. ಒಂಬತ್ತು ವರದಿಗಾರರನ್ನು ಅರ್ಧ ಗಂಟೆ ಸುಮ್ಮನಿರಿಸುವುದು ಸಣ್ಣ ಕೆಲಸವಲ್ಲ. ಒಬ್ಬನಿಗೆ ಕೆಮ್ಮು, ಒಬ್ಬನಿಗೆ ಫೋನು, ಒಬ್ಬನಿಗೆ ನಗು. ನಾನು ಹತ್ತನೆಯ ನಿಮಿಷಕ್ಕೇ ಪುಸ್ತಕ ಮುಚ್ಚಿದೆ. ಹಿಂದಿನ ಎರಡು ದಿನ ಲೈಬ್ರರಿಯಲ್ಲಿ ಏನು ತಾನೇ ನಡೆದಿರುತ್ತದೆ?

ಅದಾದ ಮೇಲೆ ಮೇಡಂ ಆ ದಿನದ ಊರುಗನ್ನಡಿಯನ್ನು ಮಡಿಲಿಂದ ತೆಗೆದರು. ನನ್ನ ವರದಿಯನ್ನು ಪೂರ್ತಿ ಓದಿ, "ಕೊಟ್ರೇಶಿಯವರೇ, ವಾಕ್ಯ ಚೊಕ್ಕ ಇದೆ" ಅಂದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. "ದುರುಗಪ್ಪ ಇದನ್ನ ಯಾರಿಗೆ ಹೇಳ್ತಾ ಇದ್ದ?"

"ಜನಕ್ಕೆ, ಮೇಡಂ."

"ಜನ ವಾಲ್ವ್ ಕೋಣೆ ಒಳಗೆ ಬಂದಿದ್ರಾ?"

"ಇಲ್ಲ. ಅವರು ರಸ್ತೆಯಲ್ಲಿದ್ರು."

"ಹಾಗಾದ್ರೆ ಒಳಗೆ ಇನ್ನೊಬ್ಬರು ಇದ್ರು. ಅವರ ದನಿ?"

"ಇರಲಿಲ್ಲ ಮೇಡಂ."

"ಇರಲಿಲ್ವೋ, ನಿಮಗೆ ಕೇಳಿಸಲಿಲ್ವೋ?" ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ತಿಳಿಯಬೇಕು ಎಂಬಂತೆ ಕೇಳಿದರು. ನನಗೆ ಉರಿದುಹೋಯಿತು. ಇಷ್ಟು ವರ್ಷದ ಕಿವಿಯನ್ನು ಎಲ್ಲರೆದುರು ಅಳೆಯುತ್ತಿದ್ದಾರಲ್ಲ ಅನಿಸಿತು. "ಇದ್ದಿದ್ರೆ ಕೇಳಿಸ್ತಿತ್ತು" ಎಂದೆ. ಅವರು ಪತ್ರಿಕೆಯನ್ನು ಅಚ್ಚುಕಟ್ಟಾಗಿ ಮಡಿಸಿ ಪಕ್ಕಕ್ಕಿಟ್ಟು ಬೇರೆ ಪಾಠಕ್ಕೆ ಹೋದರು. ಆ ಮಧ್ಯಾಹ್ನವೆಲ್ಲ ಇಬ್ಬಿಬ್ಬರು ಒಂದೇ ಗೋಡೆಗೆ ಕೂತು, ಒಬ್ಬರ ಪುಸ್ತಕ ಇನ್ನೊಬ್ಬರು ನೋಡದ ಹಾಗೆ ಬರೆದು, ಆಮೇಲೆ ಎರಡನ್ನೂ ಹೋಲಿಸುವ ಅಭ್ಯಾಸ. ಒಂದು ಕಿವಿಯನ್ನು ನೆಚ್ಚಿ ಯಾರ ಹೆಸರನ್ನೂ ಅಚ್ಚಿಗೆ ಕೊಡಬಾರದು ಎಂದು ಅವರು ಪದೇ ಪದೇ ಹೇಳಿದರು. ನನ್ನ ಜೊತೆ ಕೂತ ಇಂದುಮತಿ ಹದಿನಾಲ್ಕು ಸಾಲು ಬರೆದಿದ್ದಳು. ನನ್ನದು ಐದು.

ಮಂಗಳವಾರ ಬೆಳಿಗ್ಗೆ ಬಂದ ತಕ್ಷಣ ಮೇಡಂ ಒಂದು ಪ್ರಶ್ನೆ ಹಾಕಿದರು. "ನಿಮ್ಮಲ್ಲಿ ಯಾರಾದ್ರೂ, ಗಲಾಟೆ ಆದ ಜಾಗಕ್ಕೆ ಮೂರನೇ ದಿನ ಹೋಗಿದ್ದೀರಾ?"

ಯಾರೂ ಕೈ ಎತ್ತಲಿಲ್ಲ. ಮೂರನೆಯ ದಿನಕ್ಕೆ ಸುದ್ದಿ ಹಳಸಿರುತ್ತದೆ. ಮೊದಲ ದಿನವೇ ಹೋಗದಿದ್ದರೆ ಎದುರು ಪತ್ರಿಕೆಯವರು ಹೊಡೆದುಬಿಡುತ್ತಾರೆ. ನಮ್ಮ ತಲೆಯಲ್ಲಿದ್ದ ಲೆಕ್ಕ ಅಷ್ಟೇ.

"ಗಟ್ಟಿ ಮಾತು ಮೊದಲ ದಿನ ಕೇಳಿಸುತ್ತೆ. ಸಾಧಾರಣ ಮಾತು ಎರಡನೇ ದಿನ. ಮೆತ್ತಗೆ ಆಡಿದ್ದು ಮೂರನೇ ದಿನ, ಆಡಿದ ಹೊತ್ತಿಗೆ ಹೆಚ್ಚು ಕಮ್ಮಿ" ಅಂದರು ಮೇಡಂ. "ಇದು ನಾನು ಕಂಡುಹಿಡಿದಿದ್ದಲ್ಲ. ಈ ಊರಿನ ಪ್ರತಿ ಹೆಂಗಸಿಗೂ ಗೊತ್ತಿರೋ ವಿಷಯ. ಮೂರನೇ ದಿನವೇ ಯಾಕೆ ಗೋಡೆ ಒರೆಸ್ತಾರೆ ಅಂತ ಒಬ್ಬರಾದ್ರೂ ಮನೇಲಿ ಕೇಳಿದ್ದೀರಾ? ಇವತ್ತು ಊಟಕ್ಕೆ ಎಲ್ಲರೂ ಮನೆಗೆ ಹೋಗಿ. ಭಾನುವಾರ ಎಲ್ಲಿ ಕೂತು ಉಂಡಿದ್ರೋ ಅಲ್ಲೇ ಕೂರಿ. ಮಾತಾಡಬೇಡಿ. ಬರೀ ಕೇಳಿಸ್ಕೊಳ್ಳಿ."

ನಾವು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಂದುಮತಿ ಮಾತ್ರ ತಲೆ ತಗ್ಗಿಸಿ ನಗುತ್ತಿದ್ದಳು. ಅವಳಿಗೆ ಗೊತ್ತಿತ್ತು, ಮನೆಯಲ್ಲಿ ಗೋಡೆ ಒರೆಸುವವಳು ಅವಳೇ. ಆದರೆ ಕಸುಬಿಗೂ ಅದಕ್ಕೂ ಸಂಬಂಧವಿದೆ ಎಂದು ಅವಳಿಗೂ ಹೊಳೆದಿರಲಿಲ್ಲವಂತೆ.

ಮನೆಗೆ ಹೋದಾಗ ನೀಲಮ್ಮ ಬಕೆಟ್ಟಿಗೆ ಒದ್ದೆ ಬಟ್ಟೆ ಹಾಕಿಕೊಂಡು ತಯಾರಾಗಿದ್ದಳು. "ಗೋಡೆ ಒರೆಸ್ಬೇಡ, ಸ್ವಲ್ಪ ತಡಿ" ಎಂದೆ. ಅವಳು ನನ್ನನ್ನು ಒಂದು ಥರ ನೋಡಿ, ಬಕೆಟ್ಟನ್ನು ಅಲ್ಲೇ ಇಟ್ಟು, ನನ್ನೆದುರು ಕೂತಳು. ಭಾನುವಾರ ಕೂತ ಮಣೆಯ ಮೇಲೆಯೇ ಕೂತು ಬೆನ್ನನ್ನು ಗೋಡೆಗೆ ಕೊಟ್ಟೆ. ಐದು ನಿಮಿಷ ಏನಿಲ್ಲ. ಹತ್ತು ನಿಮಿಷ ಏನಿಲ್ಲ. ಹತ್ತು ನಿಮಿಷದ ಮೇಲೆ ಕೂತು ನನಗೆ ಅಭ್ಯಾಸವಿಲ್ಲ, ಕಾಲು ಜೋಮು ಹಿಡಿಯಿತು. ಏಳೋಣ ಅಂದುಕೊಳ್ಳುವಷ್ಟರಲ್ಲಿ ಬಂತು. ಸಾರಿನ ಪಾತ್ರೆಯ ಒಳಗೆ ಆಡಿದಂಥ ನೀಲಮ್ಮನ ದನಿ. "ದುರುಗಣ್ಣ ಹಂಗೆ ಅನ್ನೋ ಮನುಷ್ಯ ಅಲ್ಲ ರೀ. ಒಂದ್ ಸಲ ಆತನ್ನ ಕೂರಿಸ್ಕೊಂಡು ಕೇಳ್ರಿ."

ನಾನು ಅವಳ ಕಡೆ ನೋಡಿದೆ. ಅವಳು ಸೀರೆಯ ಅಂಚು ನೋಡುತ್ತಿದ್ದಳು.

"ಭಾನುವಾರ ಹೇಳಿದ್ಯಾ ಇದನ್ನ?"

"ಹೇಳ್ದೆ. ಎದುರಿಗೇ ಕೂತಿದ್ರಿ."

"ಗಟ್ಟಿಯಾಗಿ ಹೇಳ್ಬಾರ್ದಾ?"

"ನೀವು ಸುದ್ದಿ ಹೇಳ್ವಾಗ ಗಟ್ಟಿಯಾಗಿ ಹೇಳೋರು ಯಾರ್ರೀ ಈ ಮನೇಲಿ?" ಎಂದಳು. ಬೈಗುಳವೇನೂ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಅಂದಳು. ನನಗೆ ನಾಚಿಕೆಯಾಯಿತು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಮೂರು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿಹೋದ ಅವಳ ಮಾತುಗಳು ಎಷ್ಟಿರಬಹುದು ಎಂದು ಯೋಚಿಸಲು ಹೋಗಿ, ಹೆದರಿ ಬಿಟ್ಟುಬಿಟ್ಟೆ. ಊಟ ಮಾಡಲಿಲ್ಲ. ಚಪ್ಪಲಿ ಹಾಕಿಕೊಂಡವನೇ ಲೈಬ್ರರಿಗೆ ಓಡಿದೆ.

ಮೇಡಂ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದರು. "ಮೇಡಂ, ವಾಲ್ವ್ ಕೋಣೆಗೂ ಇವತ್ತು ಮೂರನೇ ದಿನ" ಎಂದೆ. ಅವರು ರೊಟ್ಟಿಯನ್ನು ಹಾಗೇ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. "ನೀವೇ ಹೇಳ್ಲಿ ಅಂತ ಕಾಯ್ತಿದ್ದೆ. ಬೆಳಿಗ್ಗೆ ಹತ್ತರ ಮಾತು ಮಸುಕಾಗೋ ಹೊತ್ತು. ನಡೀರಿ" ಅಂದರು. ಊಟದಿಂದ ಬಂದವರು ಬಂದ ಹಾಗೇ ನಮ್ಮ ಹಿಂದೆ ಹೊರಟರು. ದಾರಿಯುದ್ದಕ್ಕೂ ನನಗೆ ಎರಡು ಭಯ. ಏನೂ ಕೇಳಿಸದಿದ್ದರೆ ಎಂಬುದು ಒಂದು. ಕೇಳಿಸಿಬಿಟ್ಟರೆ ಎಂಬುದು ಇನ್ನೊಂದು.

ಕೋಣೆಯ ಬಾಗಿಲಲ್ಲಿ ಸುಣ್ಣದ ಮಾರೆಪ್ಪ ನಿಂತಿದ್ದ. ಪುರಸಭೆಯ ಗೋಡೆಗಳನ್ನೆಲ್ಲ ಬೆಳ್ಳಗೆ ಇಟ್ಟವನು ಅವನೇ. ಎರಡು ಬಕೆಟ್ಟು ಸುಣ್ಣ ಕಲಸಿ, ಕುಂಚವನ್ನು ಅದ್ದಿ ಎತ್ತಿದ್ದ. "ಇಂಜಿನಿಯರ್ ಸಾಹೇಬ್ರು ಹೇಳ್ಯಾರೆ, ಮೂರು ಗಂಟೆಯೊಳಗೆ ಬಳೀಬೇಕಂತೆ" ಅಂದ. ವಾಲ್ವ್ ಕೋಣೆ ಕಟ್ಟಿದಾಗಿನಿಂದ ಸುಣ್ಣ ಕಂಡಿರಲಿಲ್ಲ. ಕುಂಚದ ತುದಿಯಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು.

ನಾನು ಜೋರು ಮಾಡಲು ಹೊರಟೆ. ಮೇಡಂ ನನ್ನ ತೋಳು ಮುಟ್ಟಿ ತಡೆದು, "ಮಾರೆಪ್ಪ, ಊಟ ಆಯ್ತೇನಪ್ಪ?" ಅಂದರು.

"ಇನ್ನೂ ಇಲ್ಲ ತಾಯಿ."

"ನನ್ನ ಡಬ್ಬಿ ಇದೆ ತಗೋ. ಊಟ ಮಾಡಿ ಹೊರಗಿನ ಗೋಡೆಯಿಂದ ಶುರು ಮಾಡು. ಒಳಗಿಂದು ಆಮೇಲೆ. ಮೂರಕ್ಕೆ ಇನ್ನೂ ಹೊತ್ತಿದೆ."

ಮಾರೆಪ್ಪ ಡಬ್ಬಿಯನ್ನೂ ನಮ್ಮ ಹತ್ತು ಮುಖಗಳನ್ನೂ ನೋಡಿದ. "ಹೊರಗಿಂದೇ ಶುರು ಮಾಡ್ಬೇಕಾಗಿತ್ತು ಬಿಡ್ರಿ, ಅದೇ ಪದ್ಧತಿ" ಎಂದು ಕುಂಚವನ್ನು ಬಕೆಟ್ಟಿನಲ್ಲಿಟ್ಟು ಬೇವಿನ ಮರದ ಕೆಳಗೆ ಹೋದ. ಅದು ಪದ್ಧತಿಯಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು.

ಒಳಗೆ ತಣ್ಣಗೆ, ಕಬ್ಬಿಣದ ವಾಸನೆ. ಒಂಬತ್ತು ಜನ ಮೂರು ಗೋಡೆಗಳಿಗೆ ಒರಗಿ ಕೂತೆವು, ಮಡಿಲಲ್ಲಿ ಪುಸ್ತಕ. ಮೇಡಂ ಬಾಗಿಲನ್ನು ಒಳಗಿನಿಂದ ಎಳೆದುಕೊಂಡು ಹೊಸ್ತಿಲ ಒಳಬದಿಗೆ ಕೂತರು. ಈ ಸಲ ಯಾರಿಗೂ ಕೆಮ್ಮು ಬರಲಿಲ್ಲ. ಎಷ್ಟು ಹೊತ್ತಾಯಿತೋ, ಮೊದಲು ಬಂದದ್ದು ಇಂಜಿನಿಯರ್ ಸಾಹೇಬರ ದನಿ. ಜೋಲಿಯಲ್ಲಿರುವ ಮಗುವಿಗೆ ಹೇಳುವ ಹಾಗೆ ಮೆತ್ತಗೆ. "ಬಿಟ್ಬಿಡಪ್ಪ ದುರುಗಪ್ಪ. ತೊಟ್ಟಿ ತೊಳೆದ ಬ್ಲೀಚಿಂಗ್ ಪೌಡರ್ ನೀರು ಅಂತ ನಂಗೂ ಗೊತ್ತು. ಅದನ್ನ ಚರಂಡಿಗೆ ಬಿಟ್ಟು, ಮತ್ತೆ ತುಂಬಿಸೋ ಹೊತ್ತಿಗೆ ಸಂಜೆ ಆಗುತ್ತೆ. ಜನ ರಸ್ತೇಲಿ ನಿಂತಾರೆ. ಒಂದ್ ಗಂಟೆ ಬಿಡು ಸಾಕು. ಒಂದಿಷ್ಟು ಹೊಟ್ಟೆನೋವು ಬಂದ್ರೆ ಬಿಸಿಲಿಗೆ ಅಂತಾರೆ." ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಅಲ್ಲಿ ದುರುಗಪ್ಪನ ಕೂಗು ಇರಬೇಕು, ಅದು ಮೊದಲ ದಿನವೇ ಖರ್ಚಾಗಿತ್ತು. ಮತ್ತೆ ಸಾಹೇಬರು, ಇನ್ನೂ ಮೆತ್ತಗೆ, "ನಿನ್ನಿಷ್ಟ. ಆಮೇಲೆ ನನ್ನನ್ನ ಕೇಳ್ಬೇಡ."

ಅದಾದ ಮೇಲೆ ಬಂದದ್ದು ದುರುಗಪ್ಪನದು. ಅಂಥ ಒರಟು ಗಂಟಲು ಅಷ್ಟು ಸಣ್ಣಗಾಗಬಲ್ಲದು ಎಂದು ನಾನು ಎಣಿಸಿರಲಿಲ್ಲ. ಒಬ್ಬನೇ ನಿಂತು ಯಾರಿಗೂ ಅಲ್ಲದೆ ಆಡಿದ್ದು. "ಆ ಬೀದಿ ಮಕ್ಳು ನಲ್ಲಿಗೇ ಬಾಯಿ ಹಚ್ಚಿ ಕುಡೀತಾವೆ. ಹೆಂಗೆ ಬಿಡ್ಲಿ?"

ಇಂದುಮತಿಯ ಪೆನ್ನು ನಿಂತುಹೋಯಿತು. ಮತ್ತೆ ಬರೆಯತೊಡಗಿತು. ನಾನು ಬರೆಯುತ್ತಲೇ ಇದ್ದೆ, ಕಣ್ಣೆತ್ತಲು ಧೈರ್ಯವಿರಲಿಲ್ಲ. ಮುಗಿಯಿತು ಅಂದುಕೊಂಡೆವು. ಮೇಡಂ ಬೆರಳೆತ್ತಿ ಇರಿ ಎಂದು ಸನ್ನೆ ಮಾಡಿದರು. ಬಹಳ ಹೊತ್ತಿನ ಮೇಲೆ ಮತ್ತೆ ದುರುಗಪ್ಪ, ಬಾಗಿಲ ಕಡೆಯಿಂದ. "ಸಾರ್, ಒಂದ್ ನಿಮಿಷ ಕೂತ್ಕೊಳ್ರಿ. ಆ ನೀರು..."

ಮಾತು ಅಲ್ಲಿಗೇ ತುಂಡಾಯಿತು, ನಾನು ಕೈಯೆತ್ತಿದ್ದು ಆಗಲೇ. ತುಸು ಹೊತ್ತಿನ ಮೇಲೆ ಇನ್ನೊಂದು ದನಿ ಬಂತು. ನನಗೆ ಚೆನ್ನಾಗಿ ಗೊತ್ತಿರುವ ದನಿ. ತನ್ನಷ್ಟಕ್ಕೆ ತಾನು ಗೊಣಗಿದ್ದು, ಖುಷಿಯಾಗಿ. "ಸಾಕು ಸಾಕು. ಹೆಡ್ಡಿಂಗ್ ಸಿಕ್ತು."

ಎಂಟು ಪೆನ್ನುಗಳು ಅದನ್ನೂ ಬರೆದುಕೊಂಡವು. ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಒಂದು ಕ್ಷಣ ತಡೆದು ನಾನೂ ಬರೆದುಕೊಂಡೆ. ಹೊರಗೆ ಮಾರೆಪ್ಪನ ಕುಂಚ ಸರಸರ ಗೋಡೆ ಸವರುತ್ತಿತ್ತು.

ಲೈಬ್ರರಿಯ ಮಹಡಿಯಲ್ಲಿ ಒಂಬತ್ತು ಪುಸ್ತಕಗಳನ್ನು ಸಾಲಾಗಿ ಇಟ್ಟು ಹೋಲಿಸಿದೆವು. ಸಾಹೇಬರು ಅಂದದ್ದು 'ಒಂದ್ ಗಂಟೆ' ಎಂದು ಎಂಟರಲ್ಲಿ, 'ಅರ್ಧ ಗಂಟೆ' ಎಂದು ಒಂದರಲ್ಲಿ. ಮಿಕ್ಕಿದ್ದೆಲ್ಲ ಒಂದೇ. "ಅರ್ಧ ಗಂಟೆ ಅಂತ ಒಬ್ಬರಿಗೆ ಕೇಳಿಸಿದೆ ಅನ್ನೋದನ್ನೂ ಬರೀರಿ" ಅಂದರು ಮೇಡಂ. ಎಲ್ಲರೂ ಕೆಳಗೆ ಸಹಿ ಹಾಕಿದರು. "ಇನ್ನು ಇಂಜಿನಿಯರ್ ಹತ್ರ ಯಾರು ಹೋಗ್ತೀರಿ?"

"ಗೋಡೆ ಹೇಳಿದ ಮೇಲೆ ಅವರನ್ನ ಯಾಕೆ ಕೇಳ್ಬೇಕು ಮೇಡಂ?" ಎಂದ ಒಬ್ಬ.

"ದುರುಗಪ್ಪನ್ನೂ ಹಿಂಗೇ ಕೇಳಲಿಲ್ಲ ಅಲ್ವಾ?" ಅಂದರು.

ನಾನೇ ಹೋದೆ. ಮನುಷ್ಯರನ್ನು ಕೇಳುವುದು ನನಗೆ ಹೊಸದು, ಪ್ರಶ್ನೆ ನಾಲಿಗೆಗೆ ಸಲೀಸಾಗಿ ಬರಲಿಲ್ಲ. ಸಾಹೇಬರು ನನ್ನನ್ನು ಕೂರಿಸಿ, ಸಹಿ ಹಾಕಿದ ಕಾಗದವನ್ನು ಓದಿ, ಬೆವರೊರೆಸಿಕೊಂಡರು. "ಜನ ಕಲ್ಲು ಎಸೀತಾರೆ ಅಂತ ಭಯ ಆಗಿತ್ತು ಕಣ್ರೀ. ನಾನೇನು ರಾಕ್ಷಸ ಅಲ್ಲ" ಅಂದರು. ಅದನ್ನೂ ಬರೆದುಕೊಂಡೆ. ಅವರ ಮುಖ ನೋಡಿದರೆ ರಾಕ್ಷಸರಂತೆ ಕಾಣಲಿಲ್ಲ ಎಂಬುದೂ ನಿಜ.

ಸಂಜೆ ಕಚೇರಿಯಲ್ಲಿ ಬರೆದು ಮುಗಿಸಿ ವೃಷಭೇಂದ್ರಪ್ಪನವರ ಮುಂದಿಟ್ಟೆ. ನಮ್ಮಲ್ಲಿ ತಿದ್ದುಪಡಿ ಅಂದರೆ ನಾಲ್ಕನೆಯ ಪುಟದಲ್ಲಿ, ರಾಶಿಫಲದ ಕೆಳಗೆ, ಎರಡು ಸಾಲು. ಅವರು ಓದುತ್ತಾ ಓದುತ್ತಾ ಒಂದು ಕಡೆ ನಿಂತು, "ಇದೊಂದನ್ನ ತೆಗಿಯಯ್ಯ. ನಿನ್ನ ಮರ್ಯಾದೆ ಪ್ರಶ್ನೆ" ಅಂದರು. ನಾನು ಗೊಣಗಿದ 'ಹೆಡ್ಡಿಂಗ್ ಸಿಕ್ತು' ಎಂಬ ಸಾಲು ಅದು.

"ಅದು ಗೋಡೆ ಹೇಳಿದ್ದು ಸಾರ್. ಇನ್ನೊಬ್ಬರ ಮಾತಾಗಿದ್ರೆ ಬಿಡ್ತಿದ್ವಾ? ಸೋಮವಾರದ್ದು ಎಲ್ಲಿ ಬಂದಿತ್ತೋ ಅಲ್ಲೇ ಬರಲಿ, ಅಷ್ಟೇ ದಪ್ಪ ಅಕ್ಷರದಲ್ಲಿ."

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ ಮೊದಲ ಪುಟ ಎಂದು ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಬರೆದು ಅಚ್ಚಿನ ಮನೆಗೆ ಕಳಿಸಿದರು.

ಬುಧವಾರ ಬೆಳಿಗ್ಗೆ ಏಳಕ್ಕೆ ಪತ್ರಿಕೆ ಹಿಡಿದು ದುರುಗಪ್ಪನ ಮನೆಗೆ ಹೋದೆ. ಒಂದೇ ಕೋಣೆಯ ಮನೆ, ಹಸಿರು ಬಣ್ಣದ ಬಾಗಿಲು. ಅವನು ಬಾಗಿಲಲ್ಲೇ ನಿಂತ. ಅವನ ಹೆಂಡತಿ ಹುಲಿಗೆಮ್ಮ ಒಲೆಯ ಮುಂದಿನಿಂದ ಒಮ್ಮೆ ನೋಡಿ ಮುಖ ತಿರುಗಿಸಿದಳು. ಪತ್ರಿಕೆಯನ್ನು ಅವನ ಕೈಗೆ ಕೊಟ್ಟು, "ತಪ್ಪಾಯ್ತು ದುರುಗಪ್ಪ. ನೀನು ಕೂತ್ಕೊಳ್ರಿ ಅಂದೆ, ನಾನು ಕೂರಲಿಲ್ಲ" ಎಂದೆ. ಇದಕ್ಕಿಂತ ದೊಡ್ಡದೇನೋ ಹೇಳಬೇಕೆಂದು ದಾರಿಯಲ್ಲಿ ಹೊಂದಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ. ಅವನು ಪತ್ರಿಕೆಯನ್ನು ಬಿಚ್ಚದೆ ಕಂಕುಳಲ್ಲಿಟ್ಟುಕೊಂಡು, "ಆಯ್ತು ಬಿಡ್ರಿ ಸಾರ್" ಅಂದ. ಬಾಗಿಲು ಮುಚ್ಚಿದ. ಕೋಪವಿತ್ತೋ, ಇಲ್ಲವೋ, ತಿಳಿಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು.

ಹನ್ನೊಂದಕ್ಕೆ ವಿಚಾರಣೆಗೆ ಬಳೆಗಾರರ ಬೀದಿಯವರೇ ಬಂದು ಪುರಸಭೆಯ ಮೆಟ್ಟಿಲ ಮೇಲೆ ಕೂತರು, ಈ ಸಲ ಕೊಡವಿಲ್ಲದೆ. ಒಂಬತ್ತು ಸಹಿಯ ಕಾಗದವನ್ನು ಒಳಗೆ ಓದಿದರು. ಅರ್ಧ ಗಂಟೆಯಲ್ಲಿ ದುರುಗಪ್ಪ ಬೀಗದ ಗೊಂಚಲಿನೊಂದಿಗೆ ಹೊರಬಂದು, ಯಾರನ್ನೂ ಮಾತಾಡಿಸದೆ ತೊಟ್ಟಿಯ ಕಡೆ ನಡೆದ. ಇಂಜಿನಿಯರ್ ಸಾಹೇಬರಿಗೆ ರಜೆಯ ಮೇಲೆ ಹೋಗಲು ಹೇಳಿದರು. ನಾವು ಮಧ್ಯಾಹ್ನ ಲೈಬ್ರರಿಯ ಮಹಡಿಯಲ್ಲಿ ಪ್ರಮಾಣಪತ್ರ ತೆಗೆದುಕೊಂಡೆವು. ನನ್ನದನ್ನು ಕೊಡುವಾಗ ಮೇಡಂ, "ಇದನ್ನ ಗೋಡೆಗೆ ಹಾಕ್ಬೇಡಿ, ಕೇಳೋಕೆ ಅಡ್ಡ ಆಗುತ್ತೆ" ಎಂದು ನಕ್ಕರು. ನಾನೂ ನಕ್ಕೆ, ಆದರೆ ಮನಸ್ಸಿನೊಳಗೆ 'ಆಯ್ತು ಬಿಡ್ರಿ ಸಾರ್' ಎಂಬುದು ಸುತ್ತುತ್ತಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಹುಲಿಗೆಮ್ಮ ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದಳು. "ಚಾ ಕುಡಿಯಾಕೆ ಬರ್ರಿ" ಅಂದಳು, ಅಷ್ಟೇ. ನೀಲಮ್ಮ ನನ್ನ ಬೆನ್ನಿಗೆ ಮೆಲ್ಲಗೆ ತಟ್ಟಿ, "ಹೋಗ್ರಿ" ಎಂದಳು. ಈಗೀಗ ಅವಳ ಮೆಲುದನಿ ನನಗೆ ಅದೇ ದಿನ ಕೇಳಿಸುತ್ತದೆ.

ದುರುಗಪ್ಪ ಕೆಲಸಕ್ಕೆ ಹೋಗಿದ್ದ. ಹುಲಿಗೆಮ್ಮ ನನ್ನನ್ನು ಗೋಡೆಗೆ ಒತ್ತಿದ ಚಾಪೆಯ ಮೇಲೆ ಕೂರಿಸಿ, ಮುಂದೆ ಚಾ ಇಟ್ಟು, ಎದುರು ಗೋಡೆಗೆ ಒರಗಿ ಕೂತಳು. ಬಿಸಿಲೇರಿದರೂ ಕಿಟಕಿ ಮುಚ್ಚಿತ್ತು. ಸೆಕೆ. "ಮೂರು ದಿನದಿಂದ ಕಿಟಕಿ ತೆಗೆದಿಲ್ಲ, ಗೋಡೆ ಒರೆಸಿಲ್ಲ" ಅಂದಳು. "ನೀವು ಬಂದು ಕೇಳ್ಬೇಕು ಅಂತ. ಕೇಳಿದ ಮೇಲೆ ಹೋಗ್ರಿ." ಆಮೇಲೆ ಅವಳು ಸುಮ್ಮನಾದಳು, ನಾನೂ ಸುಮ್ಮನಾದೆ.

ಮೊದಲು ಪತ್ರಿಕೆಯ ಹೆಸರು ಬಂತು, 'ಊರುಗನ್ನಡಿ'. ಆಮೇಲೆ ತಾರೀಖು. ಬುಧವಾರ ದುರುಗಪ್ಪ ಬಾಗಿಲು ಮುಚ್ಚಿದ ಮೇಲೆ ಅವಳಿಗೆ ಮೆತ್ತಗೆ ಓದಿ ಹೇಳುತ್ತಿದ್ದ, ಅಕ್ಷರಕ್ಕೆ ಅಕ್ಷರ ಕೂಡಿಸಿ, ಮೂರನೆಯ ಇಯತ್ತೆಯವರು ಓದುವ ಹಾಗೆ. ನಾನು ಹದಿನೈದು ನಿಮಿಷದಲ್ಲಿ ಬರೆದ ವಾಕ್ಯಗಳನ್ನು ಅವನು ಒಂದೊಂದಾಗಿ ಎತ್ತಿ ಇಳಿಸುತ್ತಿದ್ದ. ನನ್ನ ಹೆಸರು ಬಂದಾಗ ತಡವರಿಸಲಿಲ್ಲ. 'ಹೆಡ್ಡಿಂಗ್ ಸಿಕ್ತು' ಎಂಬಲ್ಲೂ ನಿಲ್ಲಲಿಲ್ಲ. 'ಆ ಬೀದಿಯ ಮಕ್ಕಳು ನಲ್ಲಿಗೇ ಬಾಯಿ ಹಚ್ಚಿ' ಎಂಬಲ್ಲಿ ನಿಂತ. ಮತ್ತೆ 'ಆ ಬೀದಿಯ ಮಕ್ಕಳು' ಎಂದು ಶುರು ಮಾಡಿದ, ಮತ್ತೆ ನಿಂತ. ಅಳುವನ್ನೂ ನಮ್ಮೂರ ಗೋಡೆಗಳು ಮಾತು ಎಂದೇ ಇಟ್ಟುಕೊಳ್ಳುತ್ತವೆ. ಎಷ್ಟೋ ಹೊತ್ತು ಅದೊಂದೇ ಕೇಳಿಸಿತು. ಆಮೇಲೆ ಮೂಗು ಒರೆಸಿಕೊಂಡು, "ಇನ್ನೊಂದ್ ಸಲ ಓದ್ತೀನಿ, ಕೇಳು" ಅಂದು ಮೊದಲಿನಿಂದ, ತಾರೀಖಿನಿಂದ ಶುರು ಮಾಡಿದ.

ಚಾ ಆರಿಹೋಯಿತು. ಕಾಲು ಜೋಮು ಹಿಡಿಯಿತು. ಹೊರಗೆ ಬೀದಿಯ ನಲ್ಲಿಯಲ್ಲಿ ನೀರು ಬಂದು, ಯಾರೋ ಕೊಡ ಇಟ್ಟ ಸದ್ದಾಯಿತು. ಅವನು ಎರಡನೆಯ ಸಲ ಓದಿ ಮುಗಿಸುವವರೆಗೂ ನಾನು ಕೂತೇ ಇದ್ದೆ.